ಒಳಗೆ ಯಾರೂ ಇಲ್ಲದ ಅಂಗಿ

ದಾಂಡೇಲಿ ಪಕ್ಕದ ಕೋಗಿಲಬನದ ನಮ್ಮ ಮಾಮಾನ ಮನೆಯಲ್ಲಿ ವಾಸವಾಗಿರುವವರು ಮೂವರು: ಮಾಮಾ, ಅತ್ತೆ, ಮತ್ತು ಒಳಗೆ ಯಾರೂ ಇಲ್ಲದ ಒಂದು ಅಂಗಿ! ಈ ಮೂವರಲ್ಲಿ ಹೆಚ್ಚು ಮರ್ಯಾದೆ ಯಾರಿಗೆ ಎಂದು ಮಾತ್ರ ಕೇಳಬೇಡಿ, ಅತ್ತೆಗೆ ಬೇಜಾರಾಗುತ್ತದೆ. ಪಡಸಾಲೆಯ ನಟ್ಟನಡುವೆ, ಹೊಳೆಯ ಗಾಳಿ ಬೀಸುವ ಜಾಗದಲ್ಲಿ ಅಂಗಿ. ಅದರ ಪಕ್ಕದ ಸ್ಟೂಲಿನ ಮೇಲೆ ಮಾಮಾ. ಫ್ಯಾನು ಇಲ್ಲದ ಅಡುಗೆಮನೆಯಲ್ಲಿ ಅತ್ತೆ. ಟಿವಿಯನ್ನು ಕೂಡ ಅಂಗಿಗೆ ಕಾಣುವ ಹಾಗೆಯೇ ಇಟ್ಟಿದ್ದಾರೆ.

ಇದು ಬಟ್ಟೆಯ ಅಂಗಿಯಲ್ಲ. ಉಕ್ಕಿನ ತಂತಿಯನ್ನು ಸಣ್ಣ ಸಣ್ಣ ಬಳೆ ಮಾಡಿ, ಒಂದೊಂದು ಬಳೆಯನ್ನೂ ಸುತ್ತಲಿನ ನಾಲ್ಕು ಬಳೆಗಳಿಗೆ ಕೊಂಡಿ ಹಾಕಿ, ಬಾಯಿಗೆ ಸಾಸಿವೆಯಷ್ಟು ರಿವೆಟ್ ಬಡಿದು ಹೆಣೆದ ಕವಚ. ಹಿಂದಿನ ಕಾಲದ ರಾಜರ ದಂಡಿನವರು ಯುದ್ಧಕ್ಕೆ ಹೋಗುವಾಗ ತೊಡುತ್ತಿದ್ದದ್ದು. ನಮ್ಮ ಕಡೆಯ ಮರಾಠಿ ಮಂದಿ ಇದಕ್ಕೆ ಚಿಲಖತ್ ಅನ್ನುತ್ತಾರೆ, ಅತ್ತೆ ಪೀಡೆ ಅನ್ನುತ್ತಾಳೆ. ಮಾಮಾ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತರಾದವರು ಬೆಳಗಿನ ವಾಕಿಂಗ್ ಹಿಡಿಯುತ್ತಾರೆ, ಭಜನೆ ಹಿಡಿಯುತ್ತಾರೆ, ಸೊಸೆಯ ತಪ್ಪು ಹಿಡಿಯುತ್ತಾರೆ. ಮಾಮಾ ಇಕ್ಕಳ ಹಿಡಿದ.

ಇದರಿಂದ ಯಾರಿಗೇನು ನಷ್ಟ ಅನ್ನುತ್ತೀರಾ? ನಷ್ಟ ಆದದ್ದು ನನ್ನ ಅವ್ವನಿಗೆ. ಮಾಮಾ ಅವಳ ಒಬ್ಬನೇ ತಮ್ಮ. ಅವಳಿಗೆ ಎಪ್ಪತ್ತು, ಅವನಿಗೆ ಅರವತ್ತೆರಡು. ಅವರ ಅಪ್ಪ ಜ್ವರ ಬಂದು ತೀರಿಕೊಂಡಾಗ ಮಾಮಾನಿಗೆ ನಾಲ್ಕೇ ವರ್ಷ. ಅಪ್ಪನ ನೆನಪೇ ಇಲ್ಲ ಎಂದು ಅವನೇ ಹೇಳುತ್ತಾನೆ, ನೋಡಿಕೊಳ್ಳಲು ಒಂದು ಫೋಟೋ ಕೂಡ ಇಲ್ಲ. ತಾಯಿಯೂ ಬೇಗ ಹೋದ ಮೇಲೆ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವ್ವ. ಹೀಗಾಗಿ ಅವಳಿಗೆ ತವರು ಅಂದರೆ ಮಾಮಾನ ಮನೆ, ಬೇರೆ ಇಲ್ಲ. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಕರೆಯಲು ಬರಬೇಕು, ಹೋಗಿ ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು, ಜೋಕಾಲಿ ಜೀಕಿ ಬರಬೇಕು. ಅವ್ವ ಹಳಿಯಾಳಕ್ಕೆ ಮದುವೆಯಾಗಿ ಬಂದಾಗಿನಿಂದ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ, ಈ ಅಂಗಿ ಬರುವ ತನಕ!

ಮೂರು ವರ್ಷದ ಹಿಂದಿನ ಪಂಚಮಿ ನನಗೆ ಚೆನ್ನಾಗಿ ನೆನಪಿದೆ. ಆಗ ಅಂಗಿ ಸೊಂಟದವರೆಗೆ ಮಾತ್ರ ಬೆಳೆದಿತ್ತು. ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಅಡ್ಡಲಾಗಿ ಒಂದು ಬಿದಿರು ಕಟ್ಟಿ, ಆ ಬಿದಿರನ್ನೇ ಹೆಗಲು ಮಾಡಿ ಮಾಮಾ ಅದನ್ನು ತೂಗುಹಾಕಿದ್ದ. ಬಾಗಿಲಿಗೆ ಅದರ ಬೆನ್ನಿತ್ತು. ಅವ್ವ ಉಂಡಿಯ ಗಂಟು ಹಿಡಿದು ನಗುನಗುತ್ತ ಹೊಸ್ತಿಲು ದಾಟಿದವಳು ಒಮ್ಮೆಲೇ ನಿಂತಳು. ಆಮೇಲೆ ಏನು ಮಾಡಿದಳು ಗೊತ್ತೇ? ಎಡಕ್ಕೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ದಾರಿ ಬಿಟ್ಟಳು. ಯಾರಿಗೆ ದಾರಿ? ನಮ್ಮ ಹಿಂದೆ ಯಾರೂ ಬರುತ್ತಿರಲಿಲ್ಲ. ನಾನು ತಿರುಗಿ ನೋಡಿಯೂ ನೋಡಿದೆ, ಅಂಗಳದಲ್ಲಿ ಒಂದು ಕೋಳಿ ಮಾತ್ರ ಇತ್ತು. ನಮ್ಮ ಅವ್ವ ಕೋಳಿಗೆ ದಾರಿ ಬಿಡುವ ಪೈಕಿ ಅಲ್ಲ.

ಆ ದಿನ ಅವಳು ಪಡಸಾಲೆಯಲ್ಲಿ ಕೂರಲೇ ಇಲ್ಲ. ಹಿತ್ತಲಿನಿಂದ ಸುತ್ತಿ ಅಡುಗೆಮನೆಗೆ ಹೋಗಿ, ಅಲ್ಲೇ ಉಂಡು, ನಾಲ್ಕರ ಬಸ್ಸಿಗೆ ನನ್ನನ್ನು ಎಳೆದುಕೊಂಡು ಹೊರಟಳು. ಬಸ್ಸಿನಲ್ಲಿ ಒಂದೇ ಮಾತು.

"ಅದು ಹಂಗ ನಿಂದರಬಾರದಿತ್ತು."

"ಯಾವುದು ಅವ್ವಾ?"

"ಯಾವುದೂ ಇಲ್ಲ. ಆ ಕಿಡಕಿ ಹಾಕು, ಥಂಡಿ ಗಾಳಿ ಬರಾಕತ್ತೈತಿ."

ಕಿಟಕಿ ಮುಚ್ಚಿಯೇ ಇತ್ತು.

ಮುಂದಿನ ಎರಡು ಪಂಚಮಿಗೂ ಮಾಮಾ ತನ್ನ ಹಳೆಯ ಸ್ಕೂಟರಿನ ಮೇಲೆ ಕರೆಯಲು ಬಂದ. ಒಂದು ವರ್ಷ ಅವ್ವನಿಗೆ ಮೊಳಕಾಲು ನೋವು, ಇನ್ನೊಂದು ವರ್ಷ ಹಲ್ಲು ನೋವು. ಸ್ಕೂಟರು ಓಣಿ ದಾಟಿದ ಕೂಡಲೇ ಎರಡೂ ವಾಸಿ! ಅತ್ತೆ ಕಳಿಸಿದ ಶೇಂಗಾ ಉಂಡಿಯ ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ಅವ್ವ ಅದರಲ್ಲಿ ಎಳ್ಳುಂಡಿ ತುಂಬಿ ಕಳಿಸಿದಳು. ಹೀಗೆ ಎರಡು ವರ್ಷ ನಮ್ಮ ಮನೆಯಿಂದ ಡಬ್ಬಿ ಮಾತ್ರ ತವರಿಗೆ ಹೋಯಿತು. ಎರಡನೇ ವರ್ಷ ಮಾಮಾ ಗೇಟಿನ ಬಳಿ ನಿಂತು ಕೇಳಿದ: "ಅಕ್ಕ ನನ್ನ ಮ್ಯಾಲ ಸಿಟ್ಟಾಗ್ಯಾಳೇನ್ರಿ ಬಾಯಾರ?" ನಾನು ಶಾಲೆಯಲ್ಲಿ ಕಲಿಸುವವಳು, ಅದಕ್ಕೇ ಅವನಿಗೆ ಬಾಯಾರು. ಯಾವಾಗಲೂ ಚೇಷ್ಟೆಗೆ ಹಾಗೆ ಕರೆಯುತ್ತಾನೆ. ಆ ದಿನ ಧ್ವನಿಯಲ್ಲಿ ಚೇಷ್ಟೆ ಇರಲಿಲ್ಲ. ಆ ಅಂಗಿಯನ್ನು ಪಡಸಾಲೆಯಿಂದ ಎಬ್ಬಿಸಿಯೇ ಸೈ ಎಂದು ನಾನು ಆಗ ತೀರ್ಮಾನಿಸಿದೆ.

ಎಬ್ಬಿಸುವುದು ಅಷ್ಟು ಸುಲಭವೇ?

"ಮಾಮಾ, ಅದನ್ನ ಹಿತ್ತಲ ಖೋಲ್ಯಾಗ ಹಾಕು."

"ಅಲ್ಲಿ ಹಸಿ ಐತಿ, ಕಬ್ಬಿಣಕ್ಕ ಜಂಗು ಹಿಡೀತೈತಿ."

"ಅಟ್ಟದ ಮ್ಯಾಲ ಇಡು."

"ಹದಿನಾಲ್ಕು ಕಿಲೋ ಐತಿ. ಅಟ್ಟಾನ ಕೆಳಗ ಬರತೈತಿ."

"ಹೋಗಲಿ, ಒಂದು ದುಪ್ಪಟಿ ಹೊಚ್ಚು."

ಮಾಮಾ ಇಕ್ಕಳ ಕೆಳಗಿಟ್ಟು ನನ್ನನ್ನೇ ನೋಡಿದ. "ಮಾರಿ ಮುಚ್ಚಿದ್ರ ಹೆಣಾ ಇಟ್ಟಂಗ ಕಾಣತೈತಿ. ಹಂಗ ಮಾಡಬಾರದು."

ನಾನು ಅಂಗಿಯ ಕಡೆ ತಿರುಗಿ ನೋಡಿದೆ. ಯಾವ ಮಾರಿ? ಅಂಗಿಗೆ ತಲೆಯೇ ಇಲ್ಲವಲ್ಲ!

ಮೊದಮೊದಲು ವಿಷಯ ಇಷ್ಟು ಕೆಟ್ಟಿರಲಿಲ್ಲ. ಅತ್ತೆಯ ಹಾಲಿನ ಬೋಗುಣಿ ಒಂದು ಬೆಳಗ್ಗೆ ಶಿರಸ್ತ್ರಾಣವಾಯಿತು, ಅಷ್ಟೇ. ಅದಕ್ಕೆ ಮೂಗಿನ ಪಟ್ಟಿ ಬೆಸೆದು, ಕಿವಿಗೆ ಕೀಲು ಹಚ್ಚಿದ್ದ. ಅತ್ತೆ ಹಟಕ್ಕೆ ಬಿದ್ದು ಮೂಗಿನ ಪಟ್ಟಿಯ ಸಮೇತ ಅದರಲ್ಲೇ ಹಾಲು ಕಾಸಿದಳು. ಆಮೇಲೆ ಸಂಗ್ರಹದ ಹುಚ್ಚು. ಹಳಿಯಾಳದ ಒಂದು ಹಳೇ ಮನೆಯಲ್ಲಿ ಜೋಳದ ಹರವಿಯ ಮೇಲೆ ಮುಚ್ಚಿದ್ದ ಕಬ್ಬಿಣದ ತಗಡು ಯಾವುದೋ ಕಾಲದ ದಂಡಾಳಿನ ಎದೆಗವಚವೆಂದು ಮಾಮಾ ಕಂಡುಹಿಡಿದ. ಆ ಮನೆಯವರಿಗೆ ಒಂದು ಹೊಸ ಸ್ಟೀಲಿನ ಮುಚ್ಚಳ ಕೊಟ್ಟು ಅದನ್ನು ತಂದ. ಮೋಸ ಹೋದವನು ಮಾಮಾ ಎಂದು ಅವರಿಗೆ ಇವತ್ತಿಗೂ ಖಾತ್ರಿ.

ಸಂಶೋಧನೆಯ ಕಥೆಯೇ ಬೇರೆ. ಮುಂಡಗೋಡ ಕಡೆಯ ಒಂದು ಸಣ್ಣ ಊರಿನ ಹೊಲದಲ್ಲಿ ವೀರಗಲ್ಲು ಇದೆ. ದನ ಕಳ್ಳರ ಜೊತೆ ಹೊಡೆದಾಡಿ ಸತ್ತ ವೀರನದು. ಕಲ್ಲಿನ ವೀರ ತೊಟ್ಟ ಅಂಗಿ ಎಲ್ಲಿಯವರೆಗೆ ಬಂದಿದೆ ಎಂದು ಅಳೆಯಲು ಮಾಮಾ ಬೆಳಗಿನ ಮಂಜಿನಲ್ಲಿ ಹೋದ. ಹೋಲಿಸಿ ನೋಡಲು ಸುಲಭವಾಗಲಿ ಎಂದು ತನ್ನ ಉಕ್ಕಿನ ಅಂಗಿಯನ್ನು ತೊಟ್ಟುಕೊಂಡೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟರಲ್ಲಿ ಕಲ್ಲಿಗೆ ನೀರು ಹಾಕಲು ಒಬ್ಬ ಮುದುಕಿ ಬಂದಳು. ಮಂಜಿನ ನಡುವೆ ಕಬ್ಬಿಣದ ಮನುಷ್ಯ! ಬೇರೆಯವರಾಗಿದ್ದರೆ ಚಿಟ್ಟನೆ ಚೀರಿ ಓಡುತ್ತಿದ್ದರು. ಇವಳು ಸೊಂಟದ ಮೇಲೆ ಕೈಯಿಟ್ಟು ಬೈಯಲು ಸುರುಮಾಡಿದಳು.

"ನಮ್ಮ ಎಮ್ಮಿ ಹೋಗಿ ಎಂಟು ದಿನಾ ಆತು! ಈಗ ಎದ್ದು ಬಂದೀಯೇನು? ದಿನಾ ನೀರು ಹಾಕೂದು ಯಾತಕ್ಕ, ನಿದ್ದಿ ಮಾಡಲಿ ಅಂತೇನು?"

ಮಾಮಾನಿಗೆ ಬೇರೇನೂ ತೋಚದೆ, "ಬರತೈತಿ ಹೋಗಬೇ" ಅಂದನಂತೆ. ಎಮ್ಮೆ ಅದೇ ಸಂಜೆ ತಾನಾಗಿ ಕೊಟ್ಟಿಗೆಗೆ ಬಂತು! ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಮುಂದಿನ ವಾರ ಮಾಮಾ ಸಾದಾ ಅಂಗಿಯಲ್ಲಿ ಹೋದಾಗ ಮುದುಕಿ ಗುರುತೇ ಹಿಡಿಯಲಿಲ್ಲ. ಅವನ ಕಣ್ಣೆದುರೇ ಒಂದು ತಂಬಿಗೆ ಹಸನಾದ ಎಮ್ಮೆ ತುಪ್ಪವನ್ನು ಕಲ್ಲಿನ ಮುಂದೆ ಇಟ್ಟು ಕೈಮುಗಿದಳು. ತನಗೆ ಸೇರಬೇಕಾದ ತುಪ್ಪ ಕಲ್ಲಿಗೆ ಹೋಯಿತು ಎಂದು ಮಾಮಾ ಇನ್ನೂ ಕೊರಗುತ್ತಾನೆ.

ಮೊದಲ ಸಲ ಹೋದಾಗ ಉಕ್ಕಿನ ಅಂಗಿಯ ಸಮೇತ ಅಲ್ಲಿಂದ ಹಾಗೇ ಟಿಬೆಟಿಯನ್ನರ ಕ್ಯಾಂಪಿಗೂ ಹೋಗಿದ್ದ, ಅವರ ದೇಶದ ಕವಚ ಹೇಗಿರುತ್ತಿತ್ತು ಎಂದು ವಿಚಾರಿಸಲು. ಒಬ್ಬ ವಯಸ್ಸಾದ ಭಿಕ್ಷು ಅಂಗಿಯನ್ನು ಸವರಿ ನೋಡಿ, ನಿಧಾನವಾಗಿ ಕನ್ನಡದಲ್ಲಿ, "ಯಾರಿಗೆ ಪೆಟ್ಟಾಗಿತ್ತು?" ಎಂದು ಕೇಳಿದರಂತೆ. ಯಾರಿಗೂ ಇಲ್ಲ ಎಂದು ಮಾಮಾ ನಕ್ಕುಬಿಟ್ಟನಂತೆ. ಮನೆಗೆ ಬಂದವನು ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಆ ಮೂರು ದಿನ ಮನೆ ಎಷ್ಟು ಸುಖವಾಗಿತ್ತು ಎಂದು ಅತ್ತೆ ನೆನೆಸಿಕೊಳ್ಳುತ್ತಾಳೆ.

ಅವನ ಕೆಲಸದ ಪದ್ಧತಿಯೂ ವಿಚಿತ್ರವೇ. ಹಳೆಯ ಚಿತ್ರಗಳಲ್ಲಿ ಬಳೆಗಳು ಸ್ವಲ್ಪ ದೊಡ್ಡವು, ಬೆರಳ ತುದಿ ನುಗ್ಗುವಷ್ಟು. ಮಾಮಾ ಒಪ್ಪಲಿಲ್ಲ. ಪ್ರತಿ ಬಳೆಯನ್ನು ಕೊಂಡಿ ಹಾಕಿದ ಮೇಲೂ ಅದರೊಳಗೆ ಕಿರುಬೆರಳು ತೂರಿಸಿ ನೋಡುತ್ತಾನೆ. ತುದಿ ಹೋದರೆ ಆ ಬಳೆ ಬಾದ್, ಕತ್ತರಿಸಿ ಬಿಸಾಡುತ್ತಾನೆ.

"ಬಾಣದ ತುದಿ ನಿನ್ನ ಕಿರಬೆರಳಿನಷ್ಟ ಇರತೈತೇನು ಮಾಮಾ?"

"ಬಾಣದ ಮಾತು ಯಾರು ಆಡಿದ್ರು? ಬೆರಳು ಹೋಗಬಾರದು, ಅಷ್ಟ."

ಪರೀಕ್ಷೆಗಾದರೂ ಕತ್ತಿ, ಭರ್ಚಿ ಬೇಕಲ್ಲವೇ? ಅದೂ ಇಲ್ಲ. ತೋಟದಲ್ಲಿ ತರಗೆಲೆ ಎಳೆಯುತ್ತಾರಲ್ಲ, ಉದ್ದ ಕೋಲಿನ ತುದಿಗೆ ನಾಲ್ಕು ಹಲ್ಲಿನ ಕಬ್ಬಿಣದ ಪಂಜೆ, ಅದರಿಂದ ಹೊಡೆಯುತ್ತಾನೆ. ಅಂಗಿಯೊಳಗೆ ಒಂದು ಕುಂಬಳಕಾಯಿ ಇಟ್ಟು, ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಬಂದು, ಬೆನ್ನಿನ ಮೇಲೆ ಎಳೆದು ಬಾರಿಸುವುದು! ಯಾವ ರಾಜನ ಸೈನ್ಯ ತರಗೆಲೆ ಎಳೆಯುವ ಪಂಜೆ ಹಿಡಿದು ದಂಡೆತ್ತಿ ಬಂದಿತ್ತು? ಕೇಳಿದರೆ ಉತ್ತರ ಅವನಿಗೂ ಗೊತ್ತಿಲ್ಲ. ಕಾಯಿಗೆ ಗೀರು ಬಿದ್ದ ದಿನ ಮಾತ್ರ ಊಟ ಬಿಡುತ್ತಾನೆ. ಅತ್ತೆ ಅದೇ ಕುಂಬಳಕಾಯಿಯ ಹುಳಿ ಮಾಡಿ ನಾವೆಲ್ಲ ಉಣ್ಣುವಾಗ ಅವನು ಗೀರಿದ ಸಿಪ್ಪೆಯನ್ನು ನೋಡುತ್ತ ಕೂರುತ್ತಾನೆ.

ಅವನಿಗೆ ತಂತಿ ಒದಗಿಸುವವರು ದಾಂಡೇಲಿಯ ಗ್ಯಾರೇಜಿನ ಚಾಚಾ, ಹಳೆಯ ಗೆಳೆಯರು. ಒಮ್ಮೆ ಅಂಗಿಗೆ ಸೀಮೆಎಣ್ಣೆಯ ಸ್ನಾನ ಮಾಡಿಸಲು ಒಯ್ದು, ಎಂಜಿನ್ ಎತ್ತುವ ಸರಪಳಿಗೆ ಬಿದಿರಿನ ಸಮೇತ ತೂಗಿಬಿಟ್ಟು ಮಾಮಾ ಚಹಾ ಕುಡಿಯಲು ಹೋಗಿದ್ದ. ಚಾಚಾ ಬಂದವರು ಮಬ್ಬುಗತ್ತಲೆಯ ಗ್ಯಾರೇಜಿನಲ್ಲಿ ಯಾರೋ ಬೆನ್ನು ಮಾಡಿ ನಿಂತದ್ದು ಕಂಡು ಸಲಾಂ ಹೇಳಿದರು. ಉತ್ತರವಿಲ್ಲ. ಗಾಡಿ ಯಾವುದು, ಏನಾಗಿದೆ ಎಂದು ಕೇಳಿದರು. ಉಹುಂ. ಎರಡು ಮೂರು ಸಲ ಕೇಳಿ ಸಿಟ್ಟಿಗೆದ್ದರು.

"ಕ್ಯಾ ಸಾಬ್, ಸಲಾಂ ಹೇಳಿದ್ರ ಸಲಾಂ ವಾಪಸ್ ಕೊಡಾಕ ಬರೂದಿಲ್ಲೇನ್ರಿ? ಅಷ್ಟ ಸೊಕ್ಕಿದ್ರ ಬ್ಯಾರೆ ಗ್ಯಾರೇಜಿಗೆ ಹೋಗ್ರಿ!"

ಆಗ ಅಂಗಿ ಮೆಲ್ಲಗೆ ತಿರುಗಿತಂತೆ. ಎದುರಿಗೆ ಮುಖ ಇರಬೇಕಾದಲ್ಲಿ ಗೋಡೆಯ ಕ್ಯಾಲೆಂಡರ್! ಚಾಚಾ ಆ ದಿನ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದರು. ಆಮೇಲೆ ಮಾಮಾನಿಗೆ ಅಂದರು: "ನಾ ಅಂವನ್ನ ಬಿದಿರು ಡಿಪೋದ ಮನಷ್ಯಾ ಅಂತ ತಿಳಕೊಂಡಿದ್ದೆ ನೋಡು ಭಾಯಿ. ಬಲಗಡೆ ಹೆಗಲು ಹಂಗ ಇಳಿಸಿ ನಿಂತಿದ್ದ."

ಅದು ನಿಜ. ಆ ಅಡ್ಡ ಬಿದಿರನ್ನು ಮಾಮಾ ಸೊಟ್ಟಗೆ ಕಟ್ಟಿದ್ದಾನೆ, ಬಲಗಡೆ ಮೂರು ಬೆರಳು ಕೆಳಗೆ. ಮೂವತ್ತೈದು ವರ್ಷ ಯಂತ್ರಗಳನ್ನು ಕೂದಲೆಳೆ ತಪ್ಪದಂತೆ ಕೂರಿಸಿದ ಫಿಟ್ಟರ್! ನೆಟ್ಟಗೆ ಕಟ್ಟು ಎಂದು ಅತ್ತೆ ಹೇಳಿ ಹೇಳಿ ಸೋತಳು. ಒಂದು ದಿನ ಕಟ್ಟಿಯೂ ನೋಡಿದ. ಅರ್ಧ ಗಂಟೆ ಅದರ ಮುಂದೆ ಕೂತು, ಎದ್ದು ಮತ್ತೆ ಸೊಟ್ಟ ಮಾಡಿದ. "ನೆಟ್ಟಗ ಮಾಡಿದ್ರ ಬ್ಯಾರೆ ಯಾರರ ಅನಸತಾರ" ಅಂದ.

ಇನ್ನು ಅದು ತಿರುಗುವ ವಿಚಾರ. ಬೆಳಗ್ಗೆ ಹೊಳೆಯ ಕಡೆಗೆ ಇದ್ದದ್ದು ಮಧ್ಯಾಹ್ನ ಬಾಗಿಲಿಗೆ ತಿರುಗಿರುತ್ತದೆ, ಚಹದ ಹೊತ್ತಿಗೆ ನಿಮ್ಮ ಕಡೆಗೆ. ಹಗ್ಗದ ಹುರಿ ಹವಾ ತಾಕಿ ಬಿಚ್ಚುತ್ತದೆ ಎಂದು ಮಾಮಾನ ವಿವರಣೆ. ಹೊಳೆಯಾಚೆ ಕಾರ್ಖಾನೆಯ ಭೋಂಗಾ ಕೂಗಿದಾಗಲೆಲ್ಲ ಅಂಗಿ ಗಿಲಿಗಿಲಿ ಎನ್ನುತ್ತದೆ, ಪಾಳಿಗೆ ಹೊರಟವರ ಹಾಗೆ. ಅದಕ್ಕೂ ವಿವರಣೆ ಉಂಟು: ಕಂಪನ. "ಕಂಪನ ಬಾಯಾರ, ಕಂಪನ. ಸಾಲ್ಯಾಗ ಕಲಿಸೂದಿಲ್ಲೇನು?" ಕಲಿಸುತ್ತೇವೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ, ಮಾಮಾ ಅತ್ತೆ ಇಬ್ಬರೂ ಮಲಗಿ, ಪಡಸಾಲೆಯಲ್ಲಿ ನಾನೊಬ್ಬಳೇ ಪೇಪರು ತಿದ್ದುತ್ತ ಕೂತಾಗ, ಭೋಂಗಾ ಕೂಗದೆಯೂ ಅದು ಗಿಲಿಗಿಲಿ ಎಂದರೆ ಯಾವ ಪಾಠ ನೆನಪಿಗೆ ಬರುತ್ತದೆ ಹೇಳಿ? ದೆವ್ವದ ಕಾಲುಗಳು ಹಿಂದುಮುಂದಾಗಿರುತ್ತವಂತೆ, ನೋಡಿ ಗುರುತಿಸಬಹುದು. ಇದಕ್ಕೆ ಕಾಲೇ ಇಲ್ಲ, ತಪಾಸಣೆ ಮಾಡುವುದು ಹೇಗೆ! ಆ ದಿನ ನಾನು ಮೂವತ್ತು ಹುಡುಗರಿಗೆ ಒಂದೇ ಮಾರ್ಕು ಹಾಕಿ ಅಡುಗೆಮನೆಗೆ ಓಡಿದೆ.

ಈ ವರ್ಷ ಅಂಗಿ ಮೊಳಕಾಲು ಮುಟ್ಟಿ ಮುಗಿಯಿತು. ಪಂಚಮಿಯ ಹಿಂದಿನ ದಿನ ಮಾಮಾ ಬಂದ. ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕೂತ.

"ಅಕ್ಕಾ, ನೀ ಬರಬೇಕು."

"ನನ್ನ ಮೊಳಕಾಲ..."

"ಮೊಳಕಾಲ ಅಲ್ಲ, ಅಂಗಿ. ನನಗೇನು ತಿಳಿಯೂದಿಲ್ಲೇನು? ಇವತ್ತ ಸಂಜಿ ಮುಂದ ಅದನ್ನ ಹೊಳಿಗೆ ಹಾಕ್ತೇನಿ. ಅಂಗಿಗಿಂತ ನನಗ ನೀ ದೊಡ್ಡಾಕಿ. ಆದ್ರ ನಾಳೆ ಮನಿಗೆ ಬಾ."

ನಾಲ್ಕು ವರ್ಷದ ಕೆಲಸ! ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಅಂತೂ ಪೀಡೆ ತೊಲಗಿತು ಎಂದುಕೊಂಡು ಅವ್ವನನ್ನು ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

"ಹೊಳಿಗೆ ಹಾಕಬ್ಯಾಡ," ಅಂದಳು. "ಹಾಕಿದ್ರ ನನ್ನಾಣಿ ಐತಿ. ನಾಳೆ ಬರ್ತೇನಿ, ಹೋಗು."

ಮರುದಿನ ನಾವಿಬ್ಬರೂ ಕೋಗಿಲಬನಕ್ಕೆ ಹೋದೆವು. ಅಂಗಿ ಬಾಗಿಲಿಗೆ ಬೆನ್ನು ಮಾಡಿ ನಿಂತಿತ್ತು. ಅವ್ವ ಹೊಸ್ತಿಲು ದಾಟಿ, ಈ ಸಲವೂ ಎಡಕ್ಕೆ ಸರಿದು ಗೋಡೆಗೆ ಒತ್ತಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಉಂಡಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಹತ್ತಿರ ಹೋಗಿ, ಆ ಇಳಿದ ಬಲ ಹೆಗಲಿನ ಮೇಲೆ ಅಂಗೈ ಇಟ್ಟಳು.

"ತಮ್ಮಾ, ಇವನ್ನ ನೀ ಯಾವಾಗ ನೋಡಿದಿ?"

"ಯಾರನ್ನ ಅಕ್ಕಾ?"

"ಅಪ್ಪನ್ನ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತುಬಿಟ್ಟಳು. ಮಾಮಾ ಏನೂ ತಿಳಿಯದೆ ಒಮ್ಮೆ ಅಂಗಿಯನ್ನು, ಒಮ್ಮೆ ಅಕ್ಕನನ್ನು ನೋಡಿದ.

"ಅಪ್ಪ ಹಿಂಗ ನಿಂದರತಿದ್ದ," ಅಂದಳು ಅವ್ವ. "ಬಿದಿರಿನ ಕಟ್ಟು ಹೊತ್ತು ಹೊತ್ತು ಬಲಗಡೆ ಹೆಗಲು ಇಳಿದಿತ್ತು. ಕಟ್ಟು ಹೊತ್ತು ಮನಿಯಾಗ ಬಂದ ಅಂದ್ರ ನಾನು ಎಡಕ್ಕ ಗ್ವಾಡಿಗೆ ಸರಿದು ದಾರಿ ಬಿಡಬೇಕು, ಇಲ್ಲಂದ್ರ ತಲಿಗೆ ಬಡೀತಿತ್ತು. ಅಂವಾ ಜ್ವರದಾಗ ಹೋಗಲಿಲ್ಲ ತಮ್ಮಾ. ನೀ ಸಣ್ಣಾಂವ ಅಂತ ಹಂಗ ಹೇಳಿದ್ವಿ, ಆಮ್ಯಾಲ ಖರೇ ಹೇಳಾಕ ನನಗ ಬಾಯಿ ಬರಲಿಲ್ಲ. ಜೋಯಿಡಾದ ಅಡವ್ಯಾಗ ಬಿದಿರು ಕಡ್ಯಾಕ ಹೋಗಿದ್ದ. ಕರಡಿ ಹಿಂದಿನಿಂದ ಬಂತು. ಮೈಮ್ಯಾಲ ಒಂದು ತೆಳ್ಳನ ಮಾದರಪಾಟ ಅರಿವಿ ಅಂಗಿ ಬಿಟ್ರ ಏನೂ ಇರಲಿಲ್ಲ."

ಗೋಡೆಗೆ ಒರಗಿಸಿದ್ದ ನಾಲ್ಕು ಹಲ್ಲಿನ ಪಂಜೆಯ ಕಡೆಗೆ ನನ್ನ ಕಣ್ಣು ಹೋಯಿತು. ಮಾಮಾನ ಕಣ್ಣೂ ಅಲ್ಲೇ ಇತ್ತು.

"ಆ ಅಂಗಿ ಬೆನ್ನಿನ ಮ್ಯಾಲ ನಾಲ್ಕು ತೂತು ಬಿದ್ದಿದ್ವು," ಅವ್ವ ಮುಂದುವರಿಸಿದಳು. "ಮಂದಿ ಅಪ್ಪನ್ನ ಒಯ್ದ ಮ್ಯಾಲ ನೀ ಆ ಅಂಗಿ ತೊಡಿಮ್ಯಾಲ ಹಾಕ್ಕೊಂಡು ಕುಂತಿದ್ದಿ. ಒಂದೊಂದ ತೂತಿನ್ಯಾಗ ಕಿರಬೆರಳು ಹಾಕೂದು, ತಗಿಯೂದು. ದಿನಾಪೂರ್ತಿ ಅದ ಕೆಲಸ. ಯಾರು ಕಸಕೊಳ್ಳಾಕ ಬಂದ್ರೂ ಕೊಡಲಿಲ್ಲ. ನಿನಗ ನೆನಪಿಲ್ಲ ಅಂತಿ. ಮೂರು ವರ್ಷದ ಹಿಂದ ಇದನ್ನ ನೋಡಿದಾಗ ನನ್ನ ಜೀವಾನ ಹೋತು."

ಆಮೇಲೆ ಅವಳು ತನ್ನ ಸುಕ್ಕುಗಟ್ಟಿದ ಕಿರುಬೆರಳನ್ನು ಅಂಗಿಯ ಬೆನ್ನಿಗೆ ಒತ್ತಿದಳು. ಒಂದು ಬಳೆಗೆ ಒತ್ತಿದಳು, ಪಕ್ಕದ್ದಕ್ಕೆ ಒತ್ತಿದಳು, ಕೆಳಗಿನದ್ದಕ್ಕೆ, ಅದರ ಕೆಳಗಿನದ್ದಕ್ಕೆ. ಹೆಗಲಿನಿಂದ ಸೊಂಟದವರೆಗೆ ಎಷ್ಟೋ ಹೊತ್ತು ಹುಡುಕಿದಳು.

"ಹೋಗೂದಿಲ್ಲೋ ತಮ್ಮಾ," ಅಂದಳು. "ಎಲ್ಲೂ ಹೋಗೂದಿಲ್ಲ."

ಮಾಮಾ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. ತಂದೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಅರವತ್ತೆರಡು ವರ್ಷ ದಾಟಿದವನು ಈಗ ಸಣ್ಣ ಧ್ವನಿಯಲ್ಲಿ ಕೇಳಿದ: "ಅಕ್ಕಾ, ಅಂವಾ ನನ್ನ ಎತ್ತಿಕೋತಿದ್ನೇನು?"

"ದಿನಾ. ಬಲಗಡೆ ಹೆಗಲಿಗೆ ಬಿದಿರು, ಎಡಗಡೆ ಹೆಗಲಿಗೆ ನೀ."

ಮಾಮಾ ಎದ್ದ. ಅಂಗಿಯ ಎಡಗಡೆಗೆ ಸುತ್ತಿ ಬಂದು, ಆ ಎತ್ತರದ ಹೆಗಲಿನ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚಿದ. ಅವ್ವ ಅವನ ಬೆನ್ನು ಸವರುತ್ತ ನಿಂತಳು. ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಾನು ಎಷ್ಟು ನಕ್ಕಿದ್ದೆ! ಅಷ್ಟರಲ್ಲಿ ಹೊಳೆಯಾಚೆ ಭೋಂಗಾ ಕೂಗಿತು. ಅಂಗಿ ಮೆಲ್ಲಗೆ ತೂಗಿ, ಮಾಮಾನ ಹಣೆಯ ಕೆಳಗೆ ಗಿಲಿಗಿಲಿ ಎಂದಿತು. ಕಂಪನ ಎಂದು ಈ ಸಲ ಯಾರೂ ಹೇಳಲಿಲ್ಲ.